ಬೆಳ್ಳಿಯಲ್ಲದ ಬೆಳ್ಳಿ

ಹಳೆಯ ರೈಲುಗಳಲ್ಲಿಯೂ ಹಡಗುಗಳಲ್ಲಿಯೂ ಸಾಹೇಬರ ಊಟದ ಮೇಜನ್ನು ಅಲಂಕರಿಸಿದ್ದ ಚಮಚ, ಫೋರ್ಕು, ಚಹದ ಕೆಟಲುಗಳ ಮೇಲೆ ನಮ್ಮ ರಸಿಕರಿಗೆ ಎಲ್ಲಿಲ್ಲದ ಪ್ರೀತಿ. ಕಂಪನಿಯ ಮುದ್ರೆಯೊಂದಿದ್ದರೆ ಸಾಕು, ಹರಾಜಿನಲ್ಲಿ ಅದರ ಬೆಲೆ ಏರುತ್ತದೆ, ಗಾಜಿನ ಬೀರುವಿನಲ್ಲಿ ಅದಕ್ಕೊಂದು ಪೀಠ ದೊರೆಯುತ್ತದೆ, "ಆ ಕಾಲದ ಬೆಳ್ಳಿ, ಆ ಕಾಲದ ಅಂದ!" ಎಂಬ ನಿಟ್ಟುಸಿರೂ ಹೊರಡುತ್ತದೆ. ನನ್ನ ತಕರಾರು ಈ ನಿಟ್ಟುಸಿರಿನೊಡನೆ.

ಮೊದಲನೆಯದಾಗಿ, ಅದು ಬೆಳ್ಳಿಯೇ ಅಲ್ಲ. ತಾಮ್ರ, ಸತು, ನಿಕ್ಕಲುಗಳ ಮಿಶ್ರಲೋಹಕ್ಕೆ ಇಂಗ್ಲಿಷರು 'ನಿಕ್ಕಲ್ ಸಿಲ್ವರ್' ಎಂದು ಹೆಸರಿಟ್ಟರು. ಹೆಸರಿನಲ್ಲಿರುವ ಬೆಳ್ಳಿ ಲೋಹದಲ್ಲಿಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಹಕ್ಕುಪತ್ರ ಪಡೆದ ವಿಧಾನದಂತೆ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದನ್ನು ಮುಳುಗಿಸಿ ವಿದ್ಯುತ್ತು ಹರಿಸಿದರೆ ಮೇಲೊಂದು ತೆಳುವಾದ ಬೆಳ್ಳಿಯ ಪೊರೆ ಕೂಡುತ್ತದೆ. ವರ್ಷಗಟ್ಟಲೆ ಉಜ್ಜಿದ ಮೇಲೆ ಚಮಚದ ಬೆನ್ನಿನ ಪೊರೆ ಸವೆದು ಒಳಗಿನ ಹಳದಿ ಲೋಹ ಇಣುಕುತ್ತದೆ. ನಮ್ಮ ಬೀದರಿನ ಕುಶಲಕರ್ಮಿಯಾದರೋ ಸತುವಿನ ಪಾತ್ರೆಯ ಮೈ ಕೆತ್ತಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾನೆ. ಉಳಿದುದನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾನೆ. ಅವನ ಕೈಯಲ್ಲಿ ಬೆಳ್ಳಿ ಬೆಳ್ಳಿಯಾಗಿ, ಕಪ್ಪು ಕಪ್ಪಾಗಿ ಕಾಣುತ್ತದೆ. ಒಂದು ಇನ್ನೊಂದರ ವೇಷ ಹಾಕುವುದಿಲ್ಲ.

ಎರಡನೆಯದಾಗಿ, ಆ ಊಟದ ಲೆಕ್ಕ ತೆತ್ತವರು ಯಾರು? 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ನಿಜಾಮರ ರೈಲುಮಾರ್ಗ ಮುಂದೆ ಲಂಡನ್ನಿನ ಕಂಪನಿಯೊಂದರ ಕೈ ಸೇರಿತು. ಷೇರುದಾರರ ಲಾಭಕ್ಕೆ ಹೈದರಾಬಾದಿನ ಬೊಕ್ಕಸವೇ ಜಾಮೀನು. 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ' ಎಂಬ ಹೆಸರೇ ಅದಕ್ಕೆ ಸಾಕ್ಷಿ. ಬೊಕ್ಕಸ ತುಂಬುತ್ತಿದ್ದುದು ರೈತನ ಕಂದಾಯದಿಂದ. ಆಳಂದ, ಅಫಜಲಪುರ, ಜೇವರ್ಗಿಗಳ ಜೋಳದ ಹೊಲಗಳೂ ಆಗ ಆ ರಾಜ್ಯದಲ್ಲಿಯೇ ಇದ್ದವು.

ಇನ್ನು ಟಿಕೆಟ್ಟಿನ ಹಣದ ಮಾತು. ಪ್ರಯಾಣಿಕರಿಂದ ಬರುತ್ತಿದ್ದ ವರಮಾನದ ದೊಡ್ಡ ಪಾಲು ಮೂರನೆಯ ದರ್ಜೆಯವರದು. ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟ ಬಡ ಭಕ್ತನಿಗೆ ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾದ ಹಿಂಡಿಯೇ ಊಟ. ನಿಲ್ದಾಣದಲ್ಲಿ ಸಿಕ್ಕುತ್ತಿದ್ದ ನೀರಿಗೂ 'ಹಿಂದೂ', 'ಮುಸಲ್ಮಾನ' ಎಂಬ ಭೇದ. ಈ ದರ್ಜೆಯ ದುಃಸ್ಥಿತಿಯನ್ನು ಗಾಂಧೀಜಿ 1917ರಲ್ಲಿಯೇ ಬರೆದು ತೋರಿಸಿದರು. ಹಡಗಿನಲ್ಲಿಯೂ ಇದೇ ಕಥೆ: ಮೇಲೆ ಮೇಜಿನ ಹೊಳಪು, ಕೆಳಗೆ ಬೆಂಕಿಗೆ ಕಲ್ಲಿದ್ದಲು ತುಂಬುವ ನಮ್ಮ ದೇಶದ ಖಲಾಸಿ.

"ವಸ್ತು ಏನು ಪಾಪ ಮಾಡಿತು?" ಎಂದು ಕೇಳುವವರಿದ್ದಾರೆ. ಏನೂ ಮಾಡಿಲ್ಲ. ಕೆಲಸಗಾರಿಕೆ ಸೊಗಸಾದುದು, ಓಲಾಡುವ ಗಾಡಿಯಲ್ಲಿ ದಿನವೂ ಪೆಟ್ಟು ತಿಂದು ನೂರು ವರ್ಷ ಬಾಳಿದ ಪಾತ್ರೆಗೆ ಗೌರವ ಸಲ್ಲಬೇಕಾದುದೇ. ಅದನ್ನು ಕರಗಿಸಿರೆಂದು ನಾನು ಹೇಳುತ್ತಿಲ್ಲ. ವಸ್ತುಸಂಗ್ರಹಾಲಯದಲ್ಲಿಡಿ, ಆದರೆ ಪಕ್ಕದಲ್ಲಿಯೇ ಮೂರನೆಯ ದರ್ಜೆಯ ಟಿಕೆಟ್ಟನ್ನೂ, ರೊಟ್ಟಿ ಕಟ್ಟಿದ ಅರಿವೆಯನ್ನೂ, ಕಂದಾಯದ ರಸೀದಿಯನ್ನೂ ಇಡಿ. ಇವಿಲ್ಲದೆ ಬರಿಯ ಚಮಚವನ್ನಿಟ್ಟು ಅದನ್ನು ಇತಿಹಾಸವೆಂದು ಕರೆಯುವುದು ಇತಿಹಾಸಕ್ಕೇ ಬೆಳ್ಳಿಯ ಪೊರೆ ಹಚ್ಚಿದಂತೆ.

ಮುಂಬಯಿ ಕಡೆಯ ಹಳಿ ಕಲಬುರಗಿಯನ್ನು ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಕಲಬುರಗಿಯಿಂದ ಬೀದರಿಗೆ ನೇರ ರೈಲು ಬರಲು 2017ರವರೆಗೆ ಕಾಯಬೇಕಾಯಿತು. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗಂತೂ ಇಂದಿಗೂ ರೈಲಿಲ್ಲ. ಅಲ್ಲಿನವರು ಬಸ್ಸು ಹಿಡಿದು ಕಲಬುರಗಿಗೋ ಮತ್ತೊಂದು ನಿಲ್ದಾಣಕ್ಕೋ ಹೋಗಿಯೇ ರೈಲು ಕಾಣಬೇಕು. ಹೋದ ರೈಲಿನ ಚಮಚಕ್ಕಾಗಿ ಮರುಗುವ ನಮ್ಮ ರಸಿಕರು, ಬಾರದ ರೈಲಿಗಾಗಿಯೂ ಒಂದಿಷ್ಟು ಮರುಗಲಿ.