ಭಿತ್ತಿಪತ್ರಗಳ ಜೀರ್ಣೋದ್ಧಾರ

ತಾಳೆಯೋಲೆಗೆ ಕೈಮುಗಿಯುವ ನಾವು ಗೋಡೆಗೆ ಹಚ್ಚಿದ ಕಾಗದವನ್ನು ಕಸವೆಂದೇ ಭಾವಿಸುತ್ತ ಬಂದಿದ್ದೇವೆ. ನಾಟಕ ಕಂಪನಿಗಳ, ಚಲನಚಿತ್ರಗಳ ಭಿತ್ತಿಪತ್ರಗಳು ಆಟ ಮುಗಿದೊಡನೆ ಹರಿದುಹೋಗಲೆಂದೇ ಹುಟ್ಟಿದವು, ನಿಜ. ಆದರೆ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಸುರುಳಿಗಳು ಇಂದು ಲಭ್ಯವಿಲ್ಲ, ಅಂತಹ ಕೃತಿಗಳಿಗೆ ಅಂದಿನ ಪ್ರಚಾರದ ಕಾಗದವೇ ಸಾಕ್ಷಿ. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಂತಹ ಮಂಡಳಿಗಳ ರಂಗರಾತ್ರಿಗಳಿಗೂ ಈ ಮಾತು ಸಲ್ಲುತ್ತದೆ. ಆದುದರಿಂದ ಇವುಗಳನ್ನು ಕಾಪಾಡುವ ವಿದ್ಯೆಯನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಈ ಕಾಗದಕ್ಕೆ ಶತ್ರು ಹೊರಗಿನಿಂದ ಬರಬೇಕಾಗಿಲ್ಲ. ಅಗ್ಗದ ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ ದ್ರವ್ಯವುಂಟು. ಗಾಳಿ ಬೆಳಕು ಸೋಂಕಿದಂತೆಲ್ಲ ಅದು ಹಳದಿಗಟ್ಟುತ್ತದೆ. ಮಸಿ ಹರಡದಿರಲೆಂದು ರಾಳದೊಡನೆ ಬೆರೆಸಿದ ಪಟಿಕವು ಆಮ್ಲವನ್ನುಂಟುಮಾಡಿ ನಾರನ್ನು ತುಂಡರಿಸುತ್ತದೆ. ಹರಿದುದನ್ನು ಕಂಡೊಡನೆ ಸೆಲ್ಲೋಟೇಪು ಹಚ್ಚುವುದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಸಿಯಾಗಿ ಒತ್ತಿಸುವುದು, ಇವು ಭಕ್ತಿಯಿಂದ ಮಾಡುವ ಹತ್ಯೆ. ಟೇಪಿನ ಅಂಟು ಒಳಗಿಳಿದು ಕಂದುಗಲೆಯಾಗುತ್ತದೆ; ಪ್ಲಾಸ್ಟಿಕ್ಕನ್ನು ಬಿಡಿಸಹೊರಟರೆ ಚಿತ್ರವೇ ಕಿತ್ತುಬರುತ್ತದೆ.

ಬಲ್ಲವರ ಮಾರ್ಗ ಬೇರೆ. ಗೋಧಿಯ ಪಿಷ್ಟದ ತಿಳಿಯಂಟಿನಿಂದ ಹಿಂಬದಿಗೆ ಜಪಾನಿನ ಕೋಜೋ ನಾರಿನ ತೆಳುಗಾಗದವನ್ನು ಹಚ್ಚುತ್ತಾರೆ. ಮುಂದೆ ಬೇಕಾದಾಗ ತೇವ ಸೋಂಕಿಸಿದರೆ ಅದು ಬಿಟ್ಟುಬರುತ್ತದೆ. ಬಿಚ್ಚಲಾಗದ ಗಂಟನ್ನು ಹಾಕಬಾರದೆಂಬುದೇ ಈ ಶಾಸ್ತ್ರದ ಮೊದಲ ಪಾಠ. ತೊಳೆಯುವ ಮುನ್ನ ಒಂದೊಂದು ಬಣ್ಣಕ್ಕೂ ಮರೆಯಲ್ಲಿ ಹನಿ ನೀರಿಟ್ಟು, ಹೀರುಗಾಗದವನ್ನೊತ್ತಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸತಕ್ಕದ್ದು. ಕೈ ಪಳಗುವವರೆಗೆ ಬೆಲೆಯಿಲ್ಲದ ಹಳೆಯ ಕಾಗದದ ಮೇಲೆಯೇ ಅಭ್ಯಾಸ ನಡೆಯಲಿ.

ಇನ್ನು ಲುಪ್ತವಾದ ಭಾಗ. ಶಾಸನದಲ್ಲಿ ಅಕ್ಷರ ಸವೆದಿದ್ದರೆ ಸಂಪಾದಕನು ಚುಕ್ಕೆಗಳನ್ನಿಡುತ್ತಾನೆ. ತಾನೇ ಪದ್ಯ ಕಟ್ಟಿ ತುಂಬುವುದಿಲ್ಲ. (ತುಂಬಿದವರೂ ಉಂಟು, ಅವರ ಮಾತು ಬೇಡ.) ಭಿತ್ತಿಪತ್ರದಲ್ಲಿಯೂ ಸುತ್ತಣ ಬಣ್ಣಕ್ಕೆ ಹೊಂದುವ ಕಾಗದದ ತೇಪೆ ಸಾಕು. ಹೋದ ಮುಖವನ್ನು ಊಹಿಸಿ ಬರೆದರೆ ಅದು ಪ್ರಕ್ಷೇಪವೇ ಸರಿ. ದೇಗುಲದ ಶಿಲೆಗೆ ಎಣ್ಣೆಬಣ್ಣ ಬಳಿಯುವ ಜೀರ್ಣೋದ್ಧಾರವನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸುವವರ ಮೇಲಂತೂ ನನಗೆ ಕೋಪವೇ ಬರುತ್ತದೆ. ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ಮುದ್ರಣದ ಊರು ಇರಬೇಕೆಂದು 1867ರ ಮುದ್ರಣ ಕಾಯಿದೆ ವಿಧಿಸಿತ್ತು. ಅದನ್ನು ಹುಡುಕಬೇಕಾದುದು ಕೆಳಗಿನ ಆ ಅಂಚಿನಲ್ಲಿಯೇ! ವಾರ, ತಾರೀಖುಗಳಿದ್ದು ವರ್ಷವಿಲ್ಲದ ಪತ್ರದ ಕಾಲನಿರ್ಣಯಕ್ಕೆ ಪಂಚಾಂಗದೊಡನೆ ಆ ಮುದ್ರಣಾಲಯದ ಹೆಸರೂ ಆಧಾರವಾಗುತ್ತದೆ.

ಈ ಬಗೆಯ ಸಂರಕ್ಷಣೆಗೆ ಲಖನೌದಲ್ಲಿ ರಾಷ್ಟ್ರೀಯ ಪ್ರಯೋಗಾಲಯವಿದೆ; ನಮ್ಮ ಮೈಸೂರಿನಲ್ಲಿ ಅದರ ಪ್ರಾದೇಶಿಕ ಶಾಖೆಯಿದೆ. ಅಟ್ಟದ ಮೇಲೆ ಇಂತಹ ಸುರುಳಿಯೊಂದು ದೊರೆತರೆ ವಿದ್ಯಾರ್ಥಿಗಳು ಅದನ್ನು ಬಲವಂತದಿಂದ ಬಿಚ್ಚಬಾರದು. ಒಣಗಿದ ಕಾಗದವನ್ನು ಬಲ್ಲವರು ಹದವರಿತು ತೇವದಲ್ಲಿ ಮೆತ್ತಗಾಗಿಸಿಯೇ ಬಿಚ್ಚುವರು. ಅಲ್ಲಿಯವರೆಗೆ ಬಿಸಿಲು, ತೇವ, ಗೆದ್ದಲುಗಳಿಲ್ಲದ ಕಡೆ ಅದು ಇದ್ದಂತೆಯೇ ಇರಲಿ.