ಮನದ ನೋವಿಗೆ ನೆರೆಯವರ ನೆರವು

ಜ್ವರ ಬಂದವರನ್ನು ಮನೆಯವರು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಕಾಲು ಮುರಿದವರಿಗೆ ಕಟ್ಟು ಕಟ್ಟಿಸುತ್ತಾರೆ. ಆದರೆ ವಾರಗಟ್ಟಲೆ ನಿದ್ದೆಗೆಟ್ಟು, ಊಟ ಸೇರದೆ, ಯಾವ ಕೆಲಸದಲ್ಲೂ ಆಸಕ್ತಿಯಿಲ್ಲದೆ, ತಾನು ಯಾರಿಗೂ ಬೇಡವಾದೆನೆಂದು ಗೋಡೆಯ ಕಡೆ ಮುಖಮಾಡಿ ಮಲಗಿದವರಿಗೆ ದೊರೆಯುವುದು ಬುದ್ಧಿವಾದ ಮಾತ್ರ. ಸೋಮಾರಿತನವೆಂದು ಕೆಲವರು, ಗಾಳಿ ಸೋಕಿದೆಯೆಂದು ಕೆಲವರು, ದೇವರಲ್ಲಿ ವಿಶ್ವಾಸ ಸಾಲದೆಂದು ಮತ್ತೆ ಕೆಲವರು ತೀರ್ಪು ನೀಡುತ್ತಾರೆ. ವೈದ್ಯಶಾಸ್ತ್ರ ಇದನ್ನು ಖಿನ್ನತೆ ಎನ್ನುತ್ತದೆ. ಅದು ಕಾಯಿಲೆ, ಪಾಪವಲ್ಲ, ಶಾಪವೂ ಅಲ್ಲ. ಕಾಯಿಲೆ ಎಂದ ಮೇಲೆ ಚಿಕಿತ್ಸೆಯೂ ಉಂಟು.

ಈ ಕಾಯಿಲೆ ದೂರದ ನಗರಗಳದ್ದು ಎಂದು ಭಾವಿಸುವವರು ಒಂದು ಸಂಗತಿಯನ್ನು ತಿಳಿಯಬೇಕು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದರ ಪೂರ್ವಭಾವಿ ಅಧ್ಯಯನ ನಡೆದುದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ. ಬಳಿಕ 12 ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾದವರು. ಖಿನ್ನತೆಯಿಂದ ಬಳಲುವ 100 ಮಂದಿಯಲ್ಲಿ ಸುಮಾರು 85 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಭಾನುವಾರದ ಬಲಿಪೂಜೆಗೆ 200 ಮಂದಿ ವಯಸ್ಕರು ನೆರೆದರೆ, ಅವರಲ್ಲಿ ಹತ್ತು ಮಂದಿಯಾದರೂ ಈ ಕತ್ತಲೆಯನ್ನು ಕಂಡವರೆಂದು ಈ ಲೆಕ್ಕ ಹೇಳುತ್ತದೆ.

ಮಾಲೂರಿಗೆ ಬೆಂಗಳೂರು ದೂರವಲ್ಲ. ದಿನವೂ ರೈಲು ಹತ್ತಿ ಕೆಲಸಕ್ಕೆ ಹೋಗಿಬರುವವರು ನಮ್ಮಲ್ಲಿ ಬಹಳ. ಹಾಗಿದ್ದರೂ ಇಟ್ಟಿಗೆ ಗೂಡಿನಲ್ಲಿಯೋ ಕಾರ್ಖಾನೆಯಲ್ಲಿಯೋ ದಿನಗೂಲಿಗೆ ದುಡಿಯುವ ಕುಟುಂಬದ ಲೆಕ್ಕವೇ ಬೇರೆ. ಮಾತಿನ ಮೂಲಕ ನೀಡುವ ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ವಾರಕ್ಕೊಮ್ಮೆಯಂತೆ ಎಂಟು ವಾರ ಹೋಗಬೇಕೆಂದರೆ ರೋಗಿಗೆ ಎಂಟು ದಿನದ ಕೂಲಿ ನಷ್ಟ, ಜೊತೆಗೆ ಹೋಗುವವರಿಗೂ ಎಂಟು ದಿನದ ಕೂಲಿ ನಷ್ಟ. ಒಟ್ಟು 16 ದಿನಗಳ ಸಂಪಾದನೆ ಹೋಯಿತು. ಪ್ರಯಾಣದ ಖರ್ಚು ಬೇರೆ. ಚಿಕಿತ್ಸೆ ಉಚಿತವಾಗಿಯೇ ದೊರೆತರೂ ಅದನ್ನು ತಲುಪುವುದು ದುಬಾರಿ.

ಹಾಗಾದರೆ ಈ ಚಿಕಿತ್ಸೆಯನ್ನು ತಜ್ಞರಲ್ಲದವರು ನಮ್ಮ ಊರಿನಲ್ಲಿಯೇ ನೀಡಬಲ್ಲರೇ? ಈ ಪ್ರಶ್ನೆಗೆ ಉತ್ತರ ನೆರೆಯ ಗೋವೆಯಲ್ಲಿ ದೊರೆತಿದೆ. ಡಾ. ವಿಕ್ರಮ್ ಪಟೇಲ್ ಹಾಗೂ ಸಂಗಾತ್ ಸಂಸ್ಥೆಯವರು ಮನೋವೈದ್ಯಕೀಯ ಶಿಕ್ಷಣವಿಲ್ಲದ ಸ್ಥಳೀಯರನ್ನು ಆರಿಸಿ, ತರಬೇತಿ ನೀಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಮಂದಿ ಖಿನ್ನರ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪಿಗೆ ವೈದ್ಯರ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರೊಂದಿಗೆ ಆರರಿಂದ ಎಂಟು ಬಾರಿಯ ಮಾತುಕತೆ. ಮೂರು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ಶೇ. 39 ಮಂದಿ, ಎರಡನೆಯದರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. 2017ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. ಇದಕ್ಕೂ ಮೊದಲು ಗೋವೆಯಲ್ಲಿಯೇ ನಡೆದ ಮತ್ತೊಂದು ಪ್ರಯೋಗದ ಖರ್ಚುವೆಚ್ಚವನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದವರು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇಂಥ ಸೇವೆ ಖರ್ಚಿಗೆ ತಕ್ಕ ಫಲ ನೀಡಿದ್ದಲ್ಲದೆ ಉಳಿತಾಯವನ್ನೂ ಮಾಡಿತೆಂದು 2012ರಲ್ಲಿ ವರದಿ ಮಾಡಿದರು. ಆಫ್ರಿಕಾದ ಜಿಂಬಾಬ್ವೆಯಲ್ಲಿ ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ಇದೇ ಕಾರ್ಯವನ್ನು ಮಾಡುತ್ತಿದ್ದಾರೆ.

ಈ ಮಾತುಕತೆಯಲ್ಲಿ ಮಾಯಮಂತ್ರವೇನೂ ಇಲ್ಲ. ರೋಗಿಯ ಮಾತನ್ನು ಪೂರ್ತಿ ಕೇಳುವುದು; ಬಿಟ್ಟುಹೋದ ಚಿಕ್ಕಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುವುದು; ದೂರವಾದ ಬಂಧುಮಿತ್ರರನ್ನು ಹತ್ತಿರ ತರುವುದು. 13ನೆಯ ಶತಮಾನದ ದಾರ್ಶನಿಕ ಸಂತ ತೋಮಾಸ್ ಅಕ್ವಿನಾಸರು ದುಃಖಕ್ಕೆ ಐದು ಪರಿಹಾರಗಳನ್ನು ಹೇಳಿದ್ದಾರೆ: ಮನಸ್ಸಿಗೆ ಹಿತವಾದುದು, ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಚಿಂತನೆ, ನಿದ್ದೆ ಮತ್ತು ಸ್ನಾನ. ಗಮನಿಸಿ, ಈ ಐದರಲ್ಲಿ ಉಪದೇಶಕ್ಕೆ ಹತ್ತಿರವಾದುದು ಒಂದೇ. ಗುರುಗಳೂ ಹಿರಿಯರೂ ಆದ ನಾವು ಮೊದಲು ಕೈಹಾಕುವುದು ಅದಕ್ಕೇ!

ಕಷ್ಟಸುಖ ಕೇಳಲು ಅತ್ತೆ ಇದ್ದಾರೆ, ಅಕ್ಕ ಇದ್ದಾರೆ, ಗುರುಗಳಿದ್ದಾರೆ. ಹೊಸಬರೇಕೆ ಎಂದು ಯಾರಾದರೂ ಕೇಳಬಹುದು. ಪ್ರೀತಿ ಬೇರೆ, ಚಿಕಿತ್ಸೆ ಬೇರೆ. ಪಾಪನಿವೇದನೆಯ ಪೀಠದಲ್ಲಿ ದೊರೆಯುವುದು ದೇವರ ಕ್ಷಮೆ; ಅದು ಖಿನ್ನತೆಯ ಚಿಕಿತ್ಸೆಯಲ್ಲ. ಗೋವೆಯ ಸಲಹೆಗಾರರು ತರಬೇತಿ ಪಡೆದವರು. ಕ್ರಮ ತಪ್ಪದೆ ನಡೆದವರು. ತಮ್ಮ ಕೆಲಸವನ್ನು ಪರಸ್ಪರ ವಿಮರ್ಶೆಗೆ ಒಡ್ಡಿದವರು. ಈ ಮೇಲ್ವಿಚಾರಣೆಗೆ ಹಣ ಬೇಕು, ಸಮಯ ಬೇಕು. ಅದನ್ನು ಉಳಿಸಲು ಹೋದರೆ ಉಳಿಯುವುದು ಹರಟೆ ಮಾತ್ರ. ಕೇಳಿದ್ದನ್ನು ಹೊರಗೆ ಆಡದ ಶಿಸ್ತೂ ಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮಂಥ ಊರಿನಲ್ಲಿ ಅದಿಲ್ಲದೆ ಯಾರೂ ಬಾಯಿ ತೆರೆಯರು. ಸಾವಿನ ಮಾತನಾಡುವವರನ್ನೂ, ಭ್ರಮೆಗೆ ಒಳಗಾದವರನ್ನೂ ತಡಮಾಡದೆ ಮನೋವೈದ್ಯರ ಬಳಿಗೆ ಕರೆದೊಯ್ಯಲೇಬೇಕು.

ಕರ್ನಾಟಕಕ್ಕೆ ಈ ದಾರಿ ಅಪರಿಚಿತವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದಲೇ ಮನೋರೋಗಿಗಳ ಆರೈಕೆ ಸಾಧ್ಯವೆಂದು ನಿಮ್ಹಾನ್ಸ್ 1985ರಲ್ಲಿ ಆರಂಭಗೊಂಡ ಬಳ್ಳಾರಿಯ ಯೋಜನೆಯಲ್ಲಿ ತೋರಿಸಿಕೊಟ್ಟಿತು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಸ್ವಯಂಸೇವಕರಿಗೆ ಆಪ್ತಸಲಹೆಯ ತರಬೇತಿ ನೀಡಿದವರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಧರ್ಮಕೇಂದ್ರಗಳು ಹಬ್ಬದ ದೀಪಾಲಂಕಾರಕ್ಕೂ ಬ್ಯಾಂಡಿಗೂ ಪಟಾಕಿಗೂ ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ತಾಳ್ಮೆಯುಳ್ಳ ಇಬ್ಬರು ಸೋದರಿಯರಿಗೆ ತರಬೇತಿ ಕೊಡಿಸಲಿ. ಅವರು ತಾಲ್ಲೂಕು ಆಸ್ಪತ್ರೆಯ ವೈದ್ಯರೊಂದಿಗೆ ಸೇರಿ ದುಡಿಯಲಿ. ವಾರಕ್ಕೊಂದು ಸಂಜೆ ದೇವಾಲಯದ ಸಭಾಂಗಣದ ಒಂದು ಕೊಠಡಿ ಜಾತಿಮತವೆನ್ನದೆ ಎಲ್ಲರಿಗೂ ತೆರೆದಿರಲಿ. ಇಟ್ಟಿಗೆ ಗೂಡಿನ ಕೆಲಸ ಮುಗಿಸಿ, ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳದೆ, ತಾಯಿಯೊಬ್ಬಳು ಅಲ್ಲಿಗೆ ಬಂದು ಕುಳಿತು ತನ್ನ ಭಾರ ಇಳಿಸಿಕೊಳ್ಳುವಂತಾದರೆ, ಆ ಹಣ ವ್ಯರ್ಥವಾಯಿತೆಂದು ಯಾವ ಲೆಕ್ಕಪತ್ರವೂ ಹೇಳದು.