ಗ್ರಂಥಾಲಯದಲ್ಲಿ ಹದಿಹರೆಯಕ್ಕೆ ಜಾಗವೆಲ್ಲಿ?

ಒಂದು ಸಮುದಾಯ ನಾಳೆ ಎಲ್ಲಿರುತ್ತದೆಂದು ತಿಳಿಯಬೇಕಾದರೆ ಅದರ ಹದಿಹರೆಯದ ಮಕ್ಕಳು ಇಂದು ಸಂಜೆ ಎಲ್ಲಿದ್ದಾರೆಂದು ನೋಡಿದರೆ ಸಾಕು. ತುಮಕೂರಿನ ಸದಾಶಿವನಗರ, ಪಿ.ಎಚ್. ಕಾಲೋನಿ, ಮರಳೂರು ದಿಣ್ಣೆಗಳಲ್ಲಾಗಲಿ, ಗುಬ್ಬಿ ಮತ್ತು ಕುಣಿಗಲ್ ಪಟ್ಟಣಗಳ ಮೊಹಲ್ಲಾಗಳಲ್ಲಾಗಲಿ ಅಸರ್‌ನಿಂದ ಇಶಾದವರೆಗಿನ ಹೊತ್ತಿನಲ್ಲಿ ಕಾಣಸಿಗುವ ಚಿತ್ರ ಹೆಚ್ಚುಕಡಿಮೆ ಒಂದೇ. ಕೆಲವು ಹುಡುಗರು ಅಂಗಡಿ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತಿರುತ್ತಾರೆ. ಇನ್ನು ಕೆಲವರು ಶಾಲೆಗೆ ವಿದಾಯ ಹೇಳಿ ಗ್ಯಾರೇಜಿನಲ್ಲೋ ತಂದೆಯ ಹಣ್ಣಿನ ಗಾಡಿಯ ಬಳಿಯೋ ದುಡಿಯುತ್ತಿರುತ್ತಾರೆ. ಹುಡುಗಿಯರಂತೂ ಕಣ್ಣಿಗೆ ಬೀಳುವುದೇ ಇಲ್ಲ. ಮನೆ, ಶಾಲೆ ಮತ್ತು ಮಸೀದಿ, ಈ ಮೂರರಿಂದಾಚೆಗೆ ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನವರು ನಿರಾತಂಕವಾಗಿ ಹೋಗಿ ಕುಳಿತುಕೊಳ್ಳಬಹುದಾದ ಒಂದೇ ಒಂದು ಸ್ಥಳವನ್ನಾದರೂ ನಮ್ಮ ಪಟ್ಟಣಗಳು ನಿರ್ಮಿಸಿವೆಯೇ ಎಂಬುದು ಇಂದು ನಾವು ಎತ್ತಬಯಸುವ ಪ್ರಶ್ನೆ.

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಅಂಕಿ ಅಂಶಗಳು ಹಾಗೆ ಹೇಳುವುದಿಲ್ಲ. 6ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದೆ ವರದಿಯಿಟ್ಟಿತು. 14ರಿಂದ 18 ವರ್ಷದ ಗ್ರಾಮೀಣ ಯುವಜನರನ್ನು ಕುರಿತು 2023ರಲ್ಲಿ ನಡೆದ ಅಸರ್ ಶಿಕ್ಷಣ ಸಮೀಕ್ಷೆಯ ಪ್ರಕಾರ ಅವರಲ್ಲಿ ನಾಲ್ವರಲ್ಲೊಬ್ಬರಿಗೆ ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ. ಆದರೆ ಅವರಲ್ಲಿ ಸುಮಾರು ಶೇ. 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದನ್ನು ಬಳಸುವುದೂ ಅವರಿಗೆ ಗೊತ್ತಿದೆ. ಓದಲು ಬಾರದ ಕೈಯಲ್ಲಿ ಇಡೀ ಜಗತ್ತನ್ನು ತೋರಿಸುವ ಯಂತ್ರವಿದ್ದರೆ ಆ ಜಗತ್ತಿನಲ್ಲಿ ಸತ್ಯ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವವರು ಯಾರು? ವದಂತಿಯೊಂದು ಊರನ್ನೇ ಸುಡಬಲ್ಲ ಕಾಲವಿದು. ಓದುವ ಶಕ್ತಿ ಈಗ ಬರೇ ಅಂಕಪಟ್ಟಿಯ ವಿಷಯವಾಗಿ ಉಳಿದಿಲ್ಲ, ಅದು ಸಮುದಾಯದ ಸುರಕ್ಷಿತತೆಯ ವಿಷಯವೂ ಹೌದು.

ಗ್ರಂಥಾಲಯಗಳಿಲ್ಲವೇ ಎಂದು ಕೇಳಬಹುದು. ಖಂಡಿತ ಇವೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ನಗರ ಮತ್ತು ಪಟ್ಟಣಗಳಲ್ಲಿ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ಅಂದರೆ ಸದಾಶಿವನಗರದ ಒಂದು ಪುಟ್ಟ ಮನೆಯ ಒಡೆಯನೂ ವರ್ಷ ವರ್ಷ ಗ್ರಂಥಾಲಯಕ್ಕಾಗಿ ಹಣ ತೆರುತ್ತಿದ್ದಾನೆ. ತನ್ನ ಮಗನಾಗಲಿ ಮಗಳಾಗಲಿ ಅದರೊಳಗೆ ಒಮ್ಮೆಯೂ ಹೋಗದಿದ್ದರೂ ಆ ಹಣ ಸಂದಾಯವಾಗುತ್ತಲೇ ಇರುತ್ತದೆ. ಸಾರ್ವಜನಿಕ ಗ್ರಂಥಾಲಯವು ಯಾರದೋ ದಾನವಲ್ಲ, ಅದು ನಾವು ತೆರಿಗೆ ತೆತ್ತು ಪಡೆದಿರುವ ಹಕ್ಕು ಎಂಬ ಅರಿವು ಮೊದಲು ಮೂಡಬೇಕು.

ಆದರೆ ಒಳಹೊಕ್ಕರೆ ಕಾಣುವುದೇನು? ನಮ್ಮ ಪಟ್ಟಣಗಳ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಎರಡು ವರ್ಗದ ಓದುಗರಿರುತ್ತಾರೆ. ಒಂದು, ಪತ್ರಿಕೆ ಓದಲು ಬರುವ ಹಿರಿಯರು. ಇನ್ನೊಂದು, ತಮ್ಮದೇ ಪುಸ್ತಕ ತಂದು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುವ ಪದವೀಧರರು. ಎಳೆಯ ಮಕ್ಕಳಿಗೆ ಚಿತ್ರಕಥೆಗಳ ಒಂದು ಕಪಾಟೂ ಇರಬಹುದು. ಆದರೆ ಮೀಸೆ ಚಿಗುರುತ್ತಿರುವ ಹುಡುಗನಿಗೆ, ನೂರು ಪ್ರಶ್ನೆಗಳನ್ನು ಎದೆಯಲ್ಲಿಟ್ಟುಕೊಂಡ ಹುಡುಗಿಗೆ ಅಲ್ಲಿ ಏನೂ ಇಲ್ಲ. ಅವರು ನಾಲ್ಕು ಮಂದಿ ಜೊತೆಯಾಗಿ ಬಂದು ಮೆಲ್ಲಗೆ ನಕ್ಕರೂ ಗದರಿಕೆಯ ಸ್ವರ ಕೇಳುತ್ತದೆ. ನಿಶ್ಶಬ್ದವಾಗಿರಿ ಎಂಬ ಫಲಕವೇ ಅವರಿಗೆ ಸಿಗುವ ಏಕೈಕ ಸ್ವಾಗತ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು 1931ರಲ್ಲೇ ಪ್ರಕಟಿಸಿದರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಗ್ರಂಥಾಲಯವೆಂಬುದು ಬೆಳೆಯುತ್ತಿರುವ ಜೀವಿ ಎಂಬುದು ಅವುಗಳ ತಿರುಳಿನಲ್ಲಿ ಸೇರಿದೆ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಈ ಮಹನೀಯರ ಸೂತ್ರಗಳ ಪ್ರಕಾರ, ಹದಿನಾರರ ಓದುಗನಿಗೆ ಅವನ ಪುಸ್ತಕ ಸಿಗದ ಗ್ರಂಥಾಲಯವು ಎಷ್ಟೇ ದೊಡ್ಡ ಕಟ್ಟಡದಲ್ಲಿದ್ದರೂ ಅಪೂರ್ಣವೇ.

ವಿಪರ್ಯಾಸವೆಂದರೆ ಈ ವಿಷಯದಲ್ಲಿ ಪಟ್ಟಣಗಳಿಗಿಂತ ಹಳ್ಳಿಗಳು ಮುಂದೆ ಹೋಗಿವೆ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಹಿರಿಯ ಐಎಎಸ್ ಅಧಿಕಾರಿಗಳಾದ ಎಲ್.ಕೆ. ಅತೀಕ್ ಮತ್ತು ಉಮಾ ಮಹಾದೇವನ್ ಅವರಂಥವರ ಆಸ್ಥೆಯಿಂದ ಅವುಗಳಿಗೆ ಹೊಸ ಜೀವ ಬಂತು. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಗಟ್ಟಿ ಓದು, ಕಥೆ ಹೇಳುವುದು, ಚದುರಂಗ, ರಸಪ್ರಶ್ನೆ ಮುಂತಾದ ಚಟುವಟಿಕೆಗಳು ಗ್ರಂಥಾಲಯದೊಳಗೆ ಬಂದವು. ಅನೇಕ ಕಡೆ ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, 'ಅರಿವು ಕೇಂದ್ರ' ಎಂಬ ಹೊಸ ಹೆಸರೂ ಬಂತು.

ಇದು ಅಭಿನಂದನಾರ್ಹ. ಆದರೆ ಗುಬ್ಬಿ ಪಟ್ಟಣ ಪಂಚಾಯತ್‌ನ ಮತ್ತು ಕುಣಿಗಲ್ ಪುರಸಭೆಯ ವ್ಯಾಪ್ತಿಯಲ್ಲಿರುವ ಮಗು ಈ ಯೋಜನೆಯ ಹೊರಗಿದೆ. ಏಕೆಂದರೆ ಅದು ಗ್ರಾಮೀಣ ಇಲಾಖೆಯ ಯೋಜನೆ. ತುಮಕೂರು ಮಹಾನಗರ ಪಾಲಿಕೆಯ ಮಗುವಿನ ಕಥೆಯೂ ಅದೇ. ರಾಜ್ಯದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರ, ಪಟ್ಟಣಗಳಲ್ಲಿ ವಾಸಿಸುವವರೆಂಬುದನ್ನು 2011ರ ಜನಗಣತಿ ತೋರಿಸಿದೆ. ಹೀಗಾಗಿ ರಾಜ್ಯದಲ್ಲಿ ನಡೆದ ಅತ್ಯುತ್ತಮ ಗ್ರಂಥಾಲಯ ಸುಧಾರಣೆಯ ಫಲ ಸಮುದಾಯದ ಬಹುಪಾಲು ಮಕ್ಕಳ ಬಾಗಿಲಿಗೆ ತಲುಪಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಇದನ್ನು ಗುರುತಿಸಿ, ಇದೇ ಕಾರ್ಯಕ್ರಮವನ್ನು ಪಟ್ಟಣಗಳ ಗ್ರಂಥಾಲಯಗಳಿಗೂ ವಿಸ್ತರಿಸಿರೆಂದು ಶಾಸಕರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದದ್ದು ಸಮುದಾಯದ ನೇತೃತ್ವದ ಹೊಣೆ. ಚುನಾವಣೆಯ ಕಾಲದಲ್ಲಿ ಶಾದಿಮಹಲ್, ಕಬರಸ್ತಾನದ ಕಾಂಪೌಂಡ್ ಮತ್ತು ರಸ್ತೆಯ ಬೇಡಿಕೆ ಇಡುವವರ ಪಟ್ಟಿಯಲ್ಲಿ ಗ್ರಂಥಾಲಯಕ್ಕೆ ಜಾಗ ಸಿಗುವುದು ಯಾವಾಗ?

ಸರಕಾರ ಮಾಡದಿದ್ದರೆ ಏನೂ ಆಗದು ಎನ್ನುವವರು ಮೈಸೂರಿನ ರಾಜೀವನಗರದತ್ತ ನೋಡಲಿ. ಶಾಲಾ ಶಿಕ್ಷಣದ ಭಾಗ್ಯ ಸಿಗದ, ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಎಂಬವರು 2011ರಲ್ಲಿ ಅಲ್ಲೊಂದು ಸಾರ್ವಜನಿಕ ಗ್ರಂಥಾಲಯ ತೆರೆದರು. ಸುಮಾರು ಹನ್ನೊಂದು ಸಾವಿರ ಪುಸ್ತಕಗಳು, ಅವುಗಳಲ್ಲಿ ಹೆಚ್ಚಿನವು ಕನ್ನಡದವು, ಅಲ್ಲಿ ಸೇರಿದವು. ದಿನಪತ್ರಿಕೆಗಳನ್ನು ಅವರು ತಮ್ಮ ದುಡಿಮೆಯಿಂದಲೇ ತರಿಸುತ್ತಿದ್ದರು. 2021ರ ಎಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಜಾತಿ ಮತ ನೋಡದೆ ಕನ್ನಡಿಗರು ಅವರ ಬೆನ್ನಿಗೆ ನಿಂತರು. ಅಕ್ಷರ ಕಲಿಯದವರೊಬ್ಬರು ಅಕ್ಷರಕ್ಕಾಗಿ ಇಷ್ಟು ಮಾಡಬಲ್ಲರಾದರೆ, ಮಳಿಗೆಗಳ ಬಾಡಿಗೆಯ ಆದಾಯವಿರುವ ಜಮಾಅತ್ ಕಮಿಟಿಗಳು ಏನೇನು ಮಾಡಬಹುದೆಂದು ಓದುಗರೇ ಊಹಿಸಲಿ.

ಹದಿಹರೆಯದವರನ್ನು ಸೆಳೆಯುವ ಗ್ರಂಥಾಲಯ ಹೇಗಿರಬೇಕು? ಅಮೆರಿಕದ ಶಿಕಾಗೋದ ಸಾರ್ವಜನಿಕ ಗ್ರಂಥಾಲಯವು 2009ರಲ್ಲಿ 'ಯೂಮೀಡಿಯಾ' ಎಂಬ ಪ್ರತ್ಯೇಕ ವಿಭಾಗವನ್ನು ಹದಿಹರೆಯದವರಿಗಾಗಿಯೇ ತೆರೆಯಿತು. ಅಲ್ಲಿ ಮಕ್ಕಳು ಸುಮ್ಮನೆ ಬಂದು ಗೆಳೆಯರೊಂದಿಗೆ ಕುಳಿತುಕೊಳ್ಳಬಹುದು, ಕ್ಯಾಮರಾ, ಕಂಪ್ಯೂಟರ್‌ಗಳನ್ನು ಮುಟ್ಟಿ ನೋಡಬಹುದು, ಮನಸ್ಸಾದರೆ ಒಂದು ವಿಷಯವನ್ನು ಆಳವಾಗಿ ಕಲಿಯಬಹುದು. ಮೊದಲು ಜಾಗ, ಆಮೇಲೆ ಕುತೂಹಲ, ಅನಂತರ ಕಲಿಕೆ ಎಂಬ ಈ ಕ್ರಮದಲ್ಲೇ ಅದರ ಗುಟ್ಟಿದೆ. ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನೆರೆಯ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಾಲಯ ಸಂಘವು ಊರೂರಿಗೂ ಹಬ್ಬಿತು. ಅಲ್ಲಿನ ಗ್ರಂಥಾಲಯಗಳೊಳಗೆ ಮಕ್ಕಳ 'ಬಾಲವೇದಿ' ಮತ್ತು ಮಹಿಳೆಯರ 'ವನಿತಾವೇದಿ'ಗಳು ಕೆಲಸ ಮಾಡುತ್ತವೆ.

ಇವುಗಳಿಂದ ಕಲಿಯಬೇಕಾದ ಮೊದಲ ಪಾಠವೆಂದರೆ ಮಕ್ಕಳನ್ನು ಕೇಳುವುದು. ಯಾವ ಪುಸ್ತಕ ತರಿಸಬೇಕು, ಎಷ್ಟು ಹೊತ್ತಿಗೆ ತೆರೆಯಬೇಕು, ಯಾವ ಕಾರ್ಯಕ್ರಮ ಬೇಕು ಎಂಬುದನ್ನು ತೀರ್ಮಾನಿಸುವಾಗ ಇಬ್ಬರು ಹುಡುಗರು, ಇಬ್ಬರು ಹುಡುಗಿಯರಾದರೂ ಸಮಿತಿಯಲ್ಲಿರಲಿ. ಎರಡನೆಯದು ಸಮಯ. ಶಾಲೆ ಬಿಡುವ ಹೊತ್ತಿಗೆ ಬಾಗಿಲು ಹಾಕುವ, ರಜೆಯ ದಿನ ತಾನೂ ರಜೆ ಹಾಕುವ ಗ್ರಂಥಾಲಯ ವಿದ್ಯಾರ್ಥಿಗೆ ನಿಷ್ಪ್ರಯೋಜಕ. ಮಕ್ತಬ್ ಮುಗಿದ ಮೇಲಿನ ಎರಡು ಗಂಟೆ, ಭಾನುವಾರದ ಇಡೀ ಬೆಳಗು ಅದಕ್ಕೆ ಮೀಸಲಾಗಲಿ. ದುಡಿಯುವ ಹುಡುಗನಿಗೂ ಇಶಾದ ನಂತರ ಒಂದಿಷ್ಟು ಹೊತ್ತು ಸಿಗಲಿ. ಮೂರನೆಯದು ಮಾತಿಗೆ ಅವಕಾಶ. ಒಂದು ಕೋಣೆ ನಿಶ್ಶಬ್ದ ಓದಿಗಿದ್ದರೆ ಇನ್ನೊಂದರಲ್ಲಿ ಚರ್ಚೆ, ರಸಪ್ರಶ್ನೆ, ಎಸೆಸೆಲ್ಸಿ ನಂತರ ಮುಂದೇನು ಎಂಬ ಮಾರ್ಗದರ್ಶನ, ಮೊಬೈಲಿಗೆ ಬಂದ ಸಂದೇಶದ ಸತ್ಯಾಸತ್ಯತೆ ಪರಿಶೀಲಿಸುವ ಅಭ್ಯಾಸ ನಡೆಯಲಿ. ವೀರಣ್ಣನವರ ನಾಟಕ ಕಂಪೆನಿಯಿಂದ ಹೆಸರಾದ ಗುಬ್ಬಿಯಲ್ಲಿ ಮಕ್ಕಳು ಕೂಡಿ ನಾಟಕ ಓದಲಿ. ಕುಣಿಗಲ್‌ನ ಮಕ್ಕಳು ಹೈದರ್, ಟಿಪ್ಪು ಕಾಲದೊಂದಿಗೆ ಹೆಸರು ತಳಕು ಹಾಕಿಕೊಂಡಿರುವ ತಮ್ಮೂರ ಕುದುರೆ ಫಾರಂ ಬಗ್ಗೆ, ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ತಮ್ಮ ಕೆರೆಯ ಬಗ್ಗೆ ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಲಿ.

ಪುಸ್ತಕಗಳ ಆಯ್ಕೆಯಲ್ಲೂ ವಿವೇಕ ಬೇಕು. ನಮ್ಮ ಮಕ್ಕಳು ಮನೆಯಲ್ಲಿ ದಖ್ಖನಿ ಉರ್ದು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿಯುತ್ತಾರೆ. ಆದ್ದರಿಂದ ಮೂರೂ ಭಾಷೆಗಳ ಪುಸ್ತಕಗಳಿರಲಿ. ಧಾರ್ಮಿಕ ಗ್ರಂಥಗಳ ಪಕ್ಕದಲ್ಲಿ ವಿಜ್ಞಾನ, ಇತಿಹಾಸ, ಕಥೆ, ಕಾದಂಬರಿಗಳಿರಲಿ. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್ ಮತ್ತು ರಹಮತ್ ತರೀಕೆರೆ ಅವರ ಹೆಸರನ್ನು ಮಕ್ಕಳು ಪಠ್ಯಪುಸ್ತಕದ ಹೊರಗೂ ಕಾಣಲಿ. ಬೊಳುವಾರು ಮಹಮದ್ ಕುಂಞಿ ಗಾಂಧೀಜಿಯ ಕುರಿತು ಮಕ್ಕಳಿಗಾಗಿ ಬರೆದ ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದದ್ದು ಎಷ್ಟು ಮನೆಗಳಿಗೆ ಗೊತ್ತು? ಕುಣಿಗಲ್‌ನಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಸಿಗುವ ಹಾಸನದ ಬಾನು ಮುಷ್ತಾಕ್ ಕನ್ನಡದ ಕಥೆಗಳಿಂದಲೇ 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿಯ ವೇದಿಕೆಯೇರಿದರು. ಅವರ ಎಲ್ಲ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಓದದೆ ಒಪ್ಪುವುದೂ ಓದದೆ ತಿರಸ್ಕರಿಸುವುದೂ ವಿವೇಕಿಗಳ ಲಕ್ಷಣವಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಮೇಲೆ ಹೇಳಿದ 2023ರ ಸಮೀಕ್ಷೆಯಲ್ಲಿ ಫೋನ್ ಬಳಸಬಲ್ಲ ಹುಡುಗರ ಪೈಕಿ ಶೇ. 43.7 ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ ಅದು ಶೇ. 19.8 ಮಾತ್ರ. ಎಲ್ಲವೂ ಮೊಬೈಲಿನಲ್ಲಿರುವಾಗ ಗ್ರಂಥಾಲಯವೇಕೆ ಎಂಬ ವಾದ ಇಲ್ಲೇ ಮುರಿದುಬೀಳುತ್ತದೆ. 2022ರಲ್ಲಿ ಹಿಜಾಬ್ ವಿವಾದವೆದ್ದಾಗ, ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟ್ ತೀರ್ಪು ಬಂದಾಗ ರಾಜ್ಯದ ಎಷ್ಟೋ ಹುಡುಗಿಯರು ತರಗತಿಯ ಬಾಗಿಲಿನಿಂದ ಹಿಂತಿರುಗಿದರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತರು. ಹೀಗೆ ತರಗತಿ ಮುಚ್ಚಿದಾಗ ಮೊಹಲ್ಲಾದಲ್ಲಿ ಒಂದು ಓದುವ ಕೋಣೆಯಾದರೂ ತೆರೆದಿದ್ದರೆ ಅವರಲ್ಲಿ ಕೆಲವರ ಕೈಯಿಂದಾದರೂ ಪುಸ್ತಕ ಜಾರುತ್ತಿರಲಿಲ್ಲ. ಹುಡುಗಿಯರಿಗೆ ಪ್ರತ್ಯೇಕ ಸಮಯ, ಮಹಿಳಾ ಮೇಲ್ವಿಚಾರಕಿ, ಶುಚಿಯಾದ ಶೌಚಾಲಯ, ಬೆಳಕಿರುವ ದಾರಿ, ಇಷ್ಟಾದರೆ ತಾಯಂದಿರ ಆತಂಕ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ.

ಕಥೆ, ಕಾದಂಬರಿ ಓದಿದರೆ ಮಕ್ಕಳು ಹಾಳಾಗುತ್ತಾರೆಂದು ಹಿರಿಯರು ಕೆಲವರು ಭಯಪಡುತ್ತಾರೆ. ಅವರ ಕಳಕಳಿ ಪ್ರಾಮಾಣಿಕವಾದದ್ದು. ಆದರೆ ಮಗು ರಾತ್ರಿ ಚಾದರದೊಳಗೆ ಮೊಬೈಲಿನಲ್ಲಿ ಏನು ನೋಡುತ್ತಿದೆ ಎಂಬುದು ಯಾರಿಗೂ ಕಾಣದು. ಗ್ರಂಥಾಲಯದ ಮೇಜಿನ ಮೇಲಿರುವ ಪುಸ್ತಕವಾದರೋ ಎಲ್ಲರ ಕಣ್ಣೆದುರಿಗಿರುತ್ತದೆ, ಅದರ ಬಗ್ಗೆ ಕುಳಿತು ಮಾತನಾಡಬಹುದು. ಓದು ಎಂಬ ಆಜ್ಞೆಯಿಂದಲೇ ದಿವ್ಯವಾಣಿ ಆರಂಭವಾದ ಧರ್ಮ ನಮ್ಮದು. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರ ಬಿಡುಗಡೆಗೆ ಮದೀನಾದ ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಪ್ರವಾದಿ ಮುಹಮ್ಮದ್(ಸ) ಪರಿಹಾರವಾಗಿ ಸ್ವೀಕರಿಸಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಕಲಿಸುವವನು ಯಾರೆಂದು ನೋಡದೆ ಕಲಿಕೆಯನ್ನು ಸ್ವೀಕರಿಸಿದ ಪರಂಪರೆಯಿದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಗ್ರಂಥ ಸಂಗ್ರಹದಲ್ಲಿ ಸುಮಾರು ಎರಡು ಸಾವಿರ ಸಂಪುಟಗಳಿದ್ದವು. ಅವರ ಪತನಾನಂತರ ಅವು ಇಂಗ್ಲಿಷರ ವಶವಾದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿದರು. ಟಿಪ್ಪುವಿನ ಹೆಸರಿನಲ್ಲಿ ಬ್ಯಾನರ್ ಕಟ್ಟುವ ಯುವಕರು ಅವರ ಖಡ್ಗವನ್ನು ಬಲ್ಲರು, ಅವರ ಪುಸ್ತಕಗಳನ್ನೂ ಬಲ್ಲವರಾಗಬೇಕು.

ಹಣದ ಮಾತು ಉಳಿಯಿತು. ಝಕಾತ್‌ಗೆ ಅದರದ್ದೇ ಹಕ್ಕುದಾರರಿದ್ದಾರೆ, ಅದನ್ನು ಮುಟ್ಟುವುದು ಬೇಡ. ಸದಕಾ ಜಾರಿಯಾ ಮತ್ತು ವಕ್ಫ್‌ನ ಬಾಗಿಲು ವಿಶಾಲವಾಗಿದೆ. ಮೃತ ತಂದೆ ತಾಯಿಯ ಹೆಸರಿನಲ್ಲಿ ಮಸೀದಿಗೆ ಫ್ಯಾನು, ಗಡಿಯಾರ ಕೊಡುವವರು ಒಂದು ಕಪಾಟು ಪುಸ್ತಕ ಕೊಡಬಹುದು. ಮದುವೆಯ ಒಂದು ದಿನದ ಊಟದಲ್ಲಿ ಒಂದು ಬಗೆ ಕಡಿಮೆಯಾದರೆ ಒಂದು ವರ್ಷದ ಪತ್ರಿಕೆಗಳ ಖರ್ಚು ಸಿಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ರಿಯಾಯಿತಿ ದರದಲ್ಲಿ ಲಭ್ಯ. ಆದರೆ ಈ ಕೋಣೆಯ ಬಾಗಿಲು ನೆರೆಮನೆಯ ಹಿಂದೂ, ಕ್ರೈಸ್ತ ಮಕ್ಕಳಿಗೂ ತೆರೆದಿರಬೇಕು. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಮಕ್ಕಳ ನಡುವೆ ದ್ವೇಷ ಬಿತ್ತುವುದು ಯಾವ ರಾಜಕಾರಣಿಗೂ ಸುಲಭವಲ್ಲ.

2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದರೊಳಗೆ ತಂತ್ರಜ್ಞನಾಗಿ ಹೋಗುವವನು ಗುಬ್ಬಿಯ ನಮ್ಮ ಹುಡುಗನೋ ಅಥವಾ ಅವನು ಗೇಟಿನ ಹೊರಗೆ ಚಹಾ ಮಾರಬೇಕೋ ಎಂಬುದು ಈ ಐದಾರು ವರ್ಷಗಳಲ್ಲೇ ನಿರ್ಧಾರವಾಗಲಿದೆ. ಚಹಾ ಮಾರುವುದು ಅವಮಾನವಲ್ಲ, ಬೇರೆ ಆಯ್ಕೆಯೇ ಇಲ್ಲದಿರುವುದು ಅನ್ಯಾಯ. ತುಮಕೂರು, ಗುಬ್ಬಿ, ಕುಣಿಗಲ್‌ನ ಜಮಾಅತ್ ಕಮಿಟಿಗಳು ತಮ್ಮ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಎರಡು ಅಂಶಗಳನ್ನು ಸೇರಿಸಿಕೊಳ್ಳಲಿ. ಒಂದು, ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿಹರೆಯದವರ ವಿಭಾಗಕ್ಕಾಗಿ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತ ಮನವಿ. ಎರಡು, ತಮ್ಮದೇ ಕಟ್ಟಡದಲ್ಲಿ ಒಂದು ಕೋಣೆ. ಆ ಸಭೆಗೆ ಮೊಹಲ್ಲಾದ ಹುಡುಗ ಹುಡುಗಿಯರನ್ನೂ ಕರೆದು, ಅವರಿಗೇನು ಬೇಕೆಂದು ಮೊದಲು ಅವರ ಬಾಯಿಂದಲೇ ಕೇಳಲಿ.